ತಡವಾಗಿ ಬರುವ ಮಲ್ಲಿಗೆ

ಜನವರಿ 9

ಸೊಟ್ಟಜಡೆಗೆ,

ಇದರ ಜೊತೆಗಿರುವ ಹತ್ತಿಯ ಉಂಡೆಯನ್ನು ಬಿಡಿಸುವಾಗ ಹುಷಾರು. ಒಳಗೊಂದು ಸೀಸೆಯಿದೆ, ನಿನ್ನ ಕಿರುಬೆರಳಿಗಿಂತ ಚಿಕ್ಕದು. ನಿನ್ನ ಅವಸರ ನನಗೆ ಗೊತ್ತು. ಹಲ್ಲಿನಿಂದ ಕಚ್ಚಿ ಮುಚ್ಚಳ ತೆಗೆಯಬೇಡ.

ನಾನು ಲಾಂಡ್ರಿಯ ಮೇಲಿನ ಅದೇ ಕೋಣೆಯಲ್ಲಿದ್ದೇನೆ. ಬೆಳಗಾದರೆ ಕೆಳಗಿನಿಂದ ಇಸ್ತ್ರಿಯ ಹಬೆ ಏರಿ ನೆಲವೆಲ್ಲ ಬೆಚ್ಚಗಾಗುತ್ತದೆ. ಬರಿಗಾಲಲ್ಲಿ ಓಡಾಡುತ್ತೇನೆ. ಕಿಟಕಿಯ ಗಾಜು ಮಂಜಾಗಿ, ಎದುರಿನ ಬೀದಿ ಯಾವಾಗಲೂ ಅರೆನಿದ್ದೆಯಲ್ಲಿ ಕಂಡ ಹಾಗೆ ಕಾಣುತ್ತದೆ. ಇಲ್ಲಿಗೆ ಬಂದು ಎರಡು ವರ್ಷವಾಯಿತು. ಕೆಲಸ ಕೈ ಹಿಡಿದಿದೆ. ಕನ್ನಡಕದಮ್ಮ ಅಂತ ಒಬ್ಬರಿದ್ದಾರೆ, ಅಂಗಡಿಯವರು. ಮೂರು ಕನ್ನಡಕ ಇಟ್ಟುಕೊಂಡು ಮೂರನ್ನೂ ಹುಡುಕುತ್ತಿರುತ್ತಾರೆ. ನನ್ನ ಎಣ್ಣೆಗಳನ್ನು ಅವರೇ ಮಾರಿಕೊಡುತ್ತಾರೆ.

ಇದು ಮಲ್ಲಿಗೆ ಮತ್ತು ಮರ. ಮೂವತ್ತೇ ಸೀಸೆ. ಮೂವತ್ತೊಂದನೆಯದು ಬೇಕೆಂದರೂ ಮಾಡಲಾರೆ, ಆ ಮರ ಮುಗಿಯಿತು. ಎಣ್ಣೆ ಹಚ್ಚಿದ ಬಟ್ಟೆಯ ಮೇಲೆ ಮಲ್ಲಿಗೆಯನ್ನು ಹರಡಿ, ಬಾಡಿದ್ದನ್ನು ತೆಗೆದು ಹೊಸದನ್ನು ಹಾಕಿ, ಬೇಸಿಗೆಯಿಡೀ ಅದೊಂದೇ ಕೆಲಸ ಮಾಡಿದೆ. ಹೇಗಿರುತ್ತದೆಂದು ಹೇಳುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಮೂಗು ಹೇಳಿದ್ದನ್ನೇ ಹುಡುಕುತ್ತದೆ. ಅದು ನನ್ನ ನಿಯಮ, ನಿನಗೂ ಗೊತ್ತು. ಇದುವರೆಗೆ ಪ್ರತಿಯೊಂದು ಎಣ್ಣೆಯ ಮೊದಲ ಸೀಸೆ ನಿನ್ನ ಕೈಗೇ ಹೋಗಿದೆ. ನೀನು ಹೂಂ ಅಂದ ಮೇಲೇ ಅಂಗಡಿಗೆ. ಹೆಸರಿಡುವವಳೂ ನೀನೇ.

ಈಗ ಮುಖ್ಯ ಮಾತು. ನಿನ್ನಣ್ಣ ಮತ್ತೆ ಮದುವೆಯಾದ ಸುದ್ದಿ ನನಗೆ ತಲುಪಿದೆ. ನಿಮ್ಮ ಬೀದಿಯ ದರ್ಜಿಯಮ್ಮ ಬಟ್ಟೆ ಕೊಳ್ಳಲು ಈ ಕಡೆ ಬಂದಿದ್ದಳು. ಹೇಳಬೇಕೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಒಂದನ್ನೂ ಬಿಡದೆ ಹೇಳಿದಳು. ನನಗೆ ಸಂಕಟವಾಗಲಿಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ಒಗ್ಗಲಿಲ್ಲ, ಅಷ್ಟೇ. ಅವನು ಚೆನ್ನಾಗಿರಲಿ.

ಆದರೆ ನೀನು ನನಗೆ ಏನಾಗುತ್ತೀ ಎಂಬುದು ತಿಳಿಯುತ್ತಿಲ್ಲ. ಅಣ್ಣನ ಹೆಂಡತಿ ಅಲ್ಲದವಳು ಅತ್ತಿಗೆ ಹೇಗಾದಾಳು? ಇದನ್ನು ಬಾಯಿಬಿಟ್ಟು ಕೇಳಲು ನಾಚಿಕೆ. ಅದಕ್ಕೇ ಸೀಸೆ ಕಳಿಸಿದ್ದೇನೆ. ಹಚ್ಚಿಕೊಂಡು, ಎಂದಿನಂತೆ ತಲೆಹರಟೆ ಮಾಡಿ, ಒಂದು ಹೆಸರಿಟ್ಟು ಬರೆದರೆ ನನಗೆ ಉತ್ತರ ಸಿಕ್ಕಿದ ಹಾಗೆ.

ಇನ್ನೂ ಸಹಿ ಹಾಕುವ ಧೈರ್ಯವಿರುವಾಗಲೇ,
ಅತ್ತಿಗೆ


ಜನವರಿ 28

ಅತ್ತಿಗೆ,

ತಡವಾಯಿತು, ಬೈಯಬೇಡಿ. ಸೀಸೆ ಕ್ಷೇಮವಾಗಿ ತಲುಪಿತು. ಹಲ್ಲಿನಿಂದ ಕಚ್ಚಲಿಲ್ಲ, ಉಗುರಿನಿಂದ ಎಬ್ಬಿದೆ.

ತೆರೆದ ಕೂಡಲೇ ಮಲ್ಲಿಗೆ ಘಮ್ಮೆಂದಿತು. ಅಡುಗೆಮನೆ ತುಂಬ ಅದೇ. ಒಲೆಯ ಪಕ್ಕದ ಜಾಗ ನೆನಪಿದೆಯಲ್ಲ, ನಾನು ಈಗಲೂ ಅಲ್ಲೇ ಕೂತುಕೊಳ್ಳುವುದು. ಬೆಳಗಿನಿಂದ ಸಂಜೆಯವರೆಗೂ ಮಲ್ಲಿಗೆಯೋ ಮಲ್ಲಿಗೆ. ಮರವೂ ಇದೆ, ಹಿಂದೆ ನಿಂತಿದೆ. ತುಂಬ ಚೆನ್ನಾಗಿದೆ ಅತ್ತಿಗೆ. ನೀವು ಮಾಡಿದ್ದರಲ್ಲೆಲ್ಲ ಇದೇ ಚೆಂದ.

ಇಲ್ಲಿ ಎಲ್ಲರೂ ಆರಾಮ. ಮನೆಗೆ ಬಂದ ಹೊಸಬರೂ ಆರಾಮ. ಅಣ್ಣ ಬ್ರೆಡ್ಡಿನ ವ್ಯಾನನ್ನು ಇನ್ನೂ ಅದೇ ದಾರಿಯಲ್ಲಿ ಓಡಿಸುತ್ತಿದ್ದಾನೆ, ಮೊದಲಿಗಿಂತ ನಿಧಾನವಾಗಿ. ನನಗೆ ಈ ಚಳಿಗೆ ಕೈ ಸ್ವಲ್ಪ ಒಡೆದಿದೆ, ಅಕ್ಷರ ಅಡ್ಡಾದಿಡ್ಡಿ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೆಸರು ಇನ್ನೂ ಹೊಳೆದಿಲ್ಲ. ಯೋಚಿಸುತ್ತೇನೆ.

ನಿಮ್ಮ,
ಸೊಟ್ಟಜಡೆ


ಫೆಬ್ರವರಿ 6

ನಮಸ್ಕಾರ.

ನಿಮ್ಮ ಪತ್ರ ಬಂತು. ಹೊಗಳಿಕೆಗೆ ಕೃತಜ್ಞಳು.

ಒಂದು ವಿಷಯ ತಿಳಿಸಬೇಕಾಗಿದೆ. ಈ ಎಣ್ಣೆಯಲ್ಲಿ ತೆರೆದ ಕೂಡಲೇ ಮಲ್ಲಿಗೆ ಬರುವುದಿಲ್ಲ. ಬರಬಾರದೆಂದೇ ಹಾಗೆ ಮಾಡಿದ್ದು. ಬೇರೆಯವರೆಲ್ಲ ಹೂವನ್ನು ಮೇಲಿಟ್ಟು ಮರವನ್ನು ಅಡಿಗೆ ಹಾಕುತ್ತಾರೆ. ನಾನು ಮರವನ್ನು ಮೇಲಿಟ್ಟು, ಮಲ್ಲಿಗೆಯನ್ನು ಮೇಣದಂಥ ಗಟ್ಟಿ ಎಣ್ಣೆಯಲ್ಲಿ ಕಟ್ಟಿಹಾಕಿದ್ದೇನೆ. ಸೀಸೆಗೆ ಮೂಗಿಟ್ಟರೆ ಬರೀ ಮರ. ಹಚ್ಚಿಕೊಂಡು, ಮರೆತು, ಬೇರೆ ಕೆಲಸದಲ್ಲಿ ಮುಳುಗಿದ ಮೇಲೆ, ಬಹಳ ಹೊತ್ತಿಗೆ ಮಲ್ಲಿಗೆ ತಾನಾಗಿ ಬರಬೇಕು. ನಾನು ಹಚ್ಚಿಕೊಂಡಾಗಲೆಲ್ಲ ಹಾಗೇ ಬಂದಿದೆ.

ಅಂದಮೇಲೆ ನೀವು ಸೀಸೆಯನ್ನು ತೆರೆದೇ ಇಲ್ಲ. ತೆರೆಯದಿರಲು ಕಾರಣವೂ ಇರಬಹುದು. ಆ ಮನೆಯಲ್ಲಿ ಈಗ ಇನ್ನೊಬ್ಬರಿದ್ದಾರೆ, ಹಳಬಳ ಎಣ್ಣೆಯ ವಾಸನೆ ಅಡುಗೆಮನೆಯಲ್ಲಿ ತುಂಬುವುದು ಅವರಿಗೆ ಇಷ್ಟವಾಗದಿರಬಹುದು. ಅದು ತಪ್ಪಲ್ಲ. ತೆರೆಯಲಿಲ್ಲ ಎಂದು ಬರೆದಿದ್ದರೆ ಸಾಕಿತ್ತು. ನನಗೆ ಬೆಣ್ಣೆ ಹಚ್ಚುವ ಅಗತ್ಯವಿರಲಿಲ್ಲ.

ಅತ್ತಿಗೆ ಎಂಬ ಮಾತು ಈಗ ಅವರದು. ಅದಕ್ಕೆ ಜೋತುಬಿದ್ದು ನಾನು ಸಣ್ಣವಳಾಗಬಾರದು. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ಮೂವತ್ತರಲ್ಲಿ ಉಳಿದವನ್ನು ಮಾರುವುದಿಲ್ಲವೆಂದು ಅಂಗಡಿಗೆ ತಿಳಿಸಿದ್ದೇನೆ. ಹೆಸರಿನ ಬಗ್ಗೆ ಇನ್ನು ಯೋಚಿಸುವುದು ಬೇಡ.

ಚಳಿಗೆ ಕೈಗೆ ಏನಾದರೂ ಹಚ್ಚಿಕೊಳ್ಳಿ.

ಇಂತಿ,
ಎಣ್ಣೆ ಮಾಡುವವಳು


ಮಾರ್ಚ್ 3

ಅತ್ತಿಗೆ,

ಅತ್ತಿಗೆ ಅಂತಲೇ ಬರೆಯುತ್ತೇನೆ. ಬೇಡವೆನಿಸಿದರೆ ಹರಿದುಹಾಕಿ, ಆದರೆ ಪೂರ್ತಿ ಓದಿ ಹರಿಯಿರಿ.

ನೀವು ನನಗೆ ‘ನೀವು’ ಎಂದು ಬರೆದಿದ್ದೀರಿ. ಮೊದಲು ಈ ಕಾಗದ ಬೇರೆ ಯಾರಿಗೋ ಬರೆದದ್ದು ಅಂದುಕೊಂಡೆ. ಮಡಚಿ ಕೋಟಿನ ಜೇಬಿಗಿಟ್ಟು, ಕೆಲಸಕ್ಕೆ ಹೋಗಿ, ಮತ್ತೆ ತೆಗೆದು ಓದಿದೆ. ನನಗೇ ಬರೆದದ್ದು. ಅಲ್ಲೇ ಸೇಬಿನ ಪೆಟ್ಟಿಗೆಯ ಮೇಲೆ ಕೂತು ಅತ್ತೆ. ಮೇಸ್ತ್ರಿ ಬಂದು, “ಏನಾಯ್ತಮ್ಮ, ಕೈ ಸಿಕ್ಕಿಹಾಕಿಕೊಳ್ತಾ?” ಅಂತ ಕೇಳಿದ. ಹೂಂ ಅಂದೆ.

ಸೇಬಿನ ಪೆಟ್ಟಿಗೆ ಎಲ್ಲಿಂದ ಬಂತು ಅಂತ ನೀವು ಕೇಳುತ್ತೀರಿ. ಅದನ್ನೇ ನಾನು ನಿಮಗೆ ಹೇಳಿರಲಿಲ್ಲ. ಆ ಮನೆಯಲ್ಲಿ ನಾನೀಗ ಇಲ್ಲ. ಅಣ್ಣನ ಮದುವೆಯಾದ ಸ್ವಲ್ಪ ದಿನಕ್ಕೇ ಹೊರಬಿದ್ದೆ. ಊರಾಚೆ ಹಣ್ಣಿಡುವ ಶೀತಲ ಗೋದಾಮಿದೆ, ಅಲ್ಲಿ ಸೇಬು ಆರಿಸುವ ಕೆಲಸ. ಏಪ್ರಿಲ್‌ನಲ್ಲಿ ಗೋದಾಮು ಖಾಲಿಯಾಗುವವರೆಗೆ ರಜೆಯೆಂದರೆ ಭಾನುವಾರ ಮಾತ್ರ. ಅದರ ಹಿಂದೆಯೇ ಒಂದು ಬಾಡಿಗೆ ಕೋಣೆ. ಗೋದಾಮಿನೊಳಗೆ ಬೇಸಿಗೆಯೂ ಇಲ್ಲ, ಬೆಳಗು ಸಂಜೆಯೂ ಇಲ್ಲ. ನೀಲಿ ದೀಪ, ಸಾಲು ಸಾಲು ಪೆಟ್ಟಿಗೆ, ಬಾಯಿಬಿಟ್ಟರೆ ಉಸಿರು ಮುಖದ ಮುಂದೆ ತೇಲುತ್ತಿರುತ್ತದೆ. ಸೇಬುಗಳೆಲ್ಲ ನಿದ್ದೆ ಮಾಡುತ್ತಿವೆ, ನಾನು ಮಾತ್ರ ಎದ್ದಿದ್ದೇನೆ ಅನಿಸುತ್ತದೆ. ಕೆಲವೊಮ್ಮೆ ನಾನೂ ಎದ್ದಿಲ್ಲ ಅನಿಸುತ್ತದೆ. ನನಗೆ ಅದು ಇಷ್ಟ.

ಯಾಕೆ ಹೊರಬಿದ್ದೆ ಎಂದರೆ, ಜಗಳವೇನೂ ಆಗಲಿಲ್ಲ. ಹೊಸಬಳು ಒಳ್ಳೆಯವಳು. ಕೆಟ್ಟವಳಾಗಿದ್ದರೆ ಕಿತ್ತಾಡಿಕೊಂಡು ಅಲ್ಲೇ ಇರುತ್ತಿದ್ದೆ. ಮೊದಲ ದಿನವೇ ನನ್ನ ಕೈ ಹಿಡಿದು, “ನಂಗೂ ತಂಗಿ ಇಲ್ಲ, ನನ್ನನ್ನ ಬಾಯ್ತುಂಬ ಅತ್ತಿಗೆ ಅಂತ ಕರಿ” ಅಂದಳು. ನನ್ನ ಬಾಯಿ ಏಳಲಿಲ್ಲ. ಮರುದಿನವೂ ಏಳಲಿಲ್ಲ. ‘ಇಲ್ನೋಡಿ’, ‘ಸ್ವಲ್ಪ ಬನ್ನಿ’ ಅಂತ ಹೇಗೋ ದಿನ ತಳ್ಳಿದೆ. ಪಾಪ, ಅವಳ ಮುಖ ದಿನದಿನಕ್ಕೂ ಚಿಕ್ಕದಾಗುತ್ತಿತ್ತು. ಒಂದು ಮಾತನ್ನು ಕೊಡಲಾಗದವಳು ಆ ಮನೆಯಲ್ಲಿ ಹೇಗಿರಲಿ? ಆ ಮಾತು ಅವಳದಾಗಿದೆ ಅಂತ ನೀವು ಬರೆದಿದ್ದೀರಿ. ನಾನು ಅದನ್ನು ಯಾರಿಗೂ ಕೊಟ್ಟಿಲ್ಲ. ಕೊಡಲಾಗದೆ ಗಂಟುಮೂಟೆ ಕಟ್ಟಿಕೊಂಡು ಬಂದಿದ್ದೇನೆ.

ಇದನ್ನು ನಿಮಗೆ ಹೇಳಿದರೆ ನಿಮ್ಮ ತಲೆಯ ಮೇಲೆ ಭಾರ ಹೊರಿಸಿದಂತೆ ಅಂದುಕೊಂಡು ಸುಮ್ಮನಿದ್ದೆ. ನೀವು ಹಳೆಯ ವಿಳಾಸಕ್ಕೆ ಬರೆಯುತ್ತಿದ್ದಿರಿ. ಅದನ್ನು ನನಗೆ ತಂದುಕೊಡುತ್ತಿದ್ದವನು ಅಣ್ಣ. ಶನಿವಾರ ಅವನ ವ್ಯಾನು ಗೋದಾಮಿನ ಮುಂದೆ ಹೋಗುತ್ತದೆ. ಬ್ರೆಡ್ಡುಗಳ ನಡುವೆ ನಿಮ್ಮ ಕಾಗದ ಇಟ್ಟುಕೊಂಡು ಬರುತ್ತಾನೆ. ಒಂದನ್ನೂ ಒಡೆದು ನೋಡಿಲ್ಲ, ನನಗೆ ಗೊತ್ತು. ಕೈಗಿಟ್ಟು, “ನಿಂದು” ಅಂತ ಹೇಳಿ ಹೋಗಿಬಿಡುತ್ತಾನೆ. ಈ ಸಲ ಅವನಿಗೆ ಜ್ವರ ಬಂದು ಮಲಗಿದ್ದ, ಅದಕ್ಕೇ ನಿಮ್ಮ ಕಾಗದ ಇಷ್ಟು ತಡವಾಗಿ ಸಿಕ್ಕಿತು.

ಇನ್ನು ಸೀಸೆಯ ವಿಷಯ. ನಾನು ಸುಳ್ಳು ಹೇಳಿದ್ದು ನಿಜ, ಆದರೆ ನೀವು ಹಿಡಿದ ಸುಳ್ಳು ಬೇರೆ. ಸೀಸೆ ಬಂದ ದಿನದಿಂದ ಕೆಲಸಕ್ಕೆ ಹೊರಡುವ ಮುಂಚೆ ಎರಡೂ ಮಣಿಕಟ್ಟಿಗೆ ಹಚ್ಚಿಕೊಂಡೇ ಹೋಗುತ್ತಿದ್ದೇನೆ. ಸಂಜೆ ಹೊರಬರುವಾಗ ಮೊಣಕೈವರೆಗೆ ಸೋಪು ಹಾಕಿ ತೊಳೆಯಬೇಕು, ಅದು ಅಲ್ಲಿಯ ನಿಯಮ. ಅಷ್ಟರವರೆಗೆ ಮರ ಇರುತ್ತದೆ. ಮರ ಮಾತ್ರ. ಮಲ್ಲಿಗೆ ಒಂದು ದಿನವೂ ಬರಲಿಲ್ಲ. ನಾನು ಕಾದೆ ಅತ್ತಿಗೆ. ಊಟದ ಬಿಡುವಿನಲ್ಲಿ ಕೈಯನ್ನು ಮೂಗಿಗೆ ಒತ್ತಿಕೊಂಡು ಕಾದೆ. ನನ್ನ ಮೂಗೇ ಕೆಟ್ಟಿದೆಯೋ, ಬೇಸಿಗೆಯಿಡೀ ನೀವು ಪಟ್ಟ ಕಷ್ಟ ನೀರುಪಾಲಾಗಿದೆಯೋ ಗೊತ್ತಾಗಲಿಲ್ಲ. ಮಲ್ಲಿಗೆ ಇಲ್ಲ ಅಂತ ನಿಮಗೆ ಬರೆಯಲು ಕೈ ಬರಲಿಲ್ಲ. ಇದೆ ಅಂತ ಬರೆದೆ.

ಮರದ ಬಗ್ಗೆ ಒಂದು ಮಾತು. ಪೆಟ್ಟಿಗೆಗಳ ಮರವಲ್ಲ ಅದು, ಅದರ ವಾಸನೆ ನನಗೆ ಬೇರೆಯೇ ಗೊತ್ತು. ಈ ಮರವನ್ನು ನಾನು ಎಲ್ಲೋ ಬಲ್ಲೆ. ಬೀದಿಯಲ್ಲಿ ಯಾರೋ ಎದುರಾಗಿ, ಮುಖ ಚೆನ್ನಾಗಿ ಗೊತ್ತಿದ್ದು, ಯಾರೆಂದು ಹೊಳೆಯದಿದ್ದಾಗ ಆಗುತ್ತದಲ್ಲ, ಹಾಗೆ.

ಹೊಸ ವಿಳಾಸ ಲಕೋಟೆಯ ಹಿಂದೆ ಬರೆದಿದ್ದೇನೆ. ಬೇಕಾದರೆ ಬೈಯಿರಿ, ಆದರೆ ‘ನೀನು’ ಅಂತ ಬೈಯಿರಿ.

ಸೊಟ್ಟಜಡೆ


ಮಾರ್ಚ್ 10

ನೀನು, ನೀನು, ನೀನು. ಸಾಕಾ?

ನಿನ್ನ ಕಾಗದ ಓದಿ ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಲಾಂಡ್ರಿಯ ಹುಡುಗಿ ಅಂಗಿಗಳ ಕಟ್ಟು ಹಿಡಿದು ಮೇಲೆ ಬಂದವಳು, “ಕೆಟ್ಟ ಸುದ್ದಿನಾ ಆಂಟಿ?” ಅಂದಳು. “ಇಲ್ಲ ಕಣೆ, ಒಂದು ಪೆದ್ದು ಮುಂಡೇದು ಸಿಕ್ತು” ಅಂದೆ. ಅವಳು ನನ್ನನ್ನು ನೋಡುತ್ತಲೇ ಹಿಂದೆ ಹಿಂದೆ ಹೆಜ್ಜೆಯಿಟ್ಟು ಕೆಳಗಿಳಿದಳು.

ಪೆದ್ದಿ ನೀನೊಬ್ಬಳೇ ಅಲ್ಲ. ಆ ಎಣ್ಣೆ ಚರ್ಮದ ಬಿಸಿಗೆ ಕರಗಬೇಕು, ಕರಗಿದರೆ ಮಾತ್ರ ಮಲ್ಲಿಗೆಗೆ ಬಿಡುಗಡೆ. ನಾನಿರುವುದು ಇಸ್ತ್ರಿಯ ಹಬೆಯ ಮೇಲೆ. ಇಲ್ಲಿ ಕಲ್ಲನ್ನು ಇಟ್ಟರೂ ಕರಗುತ್ತದೆ. ಹಚ್ಚಿಕೊಂಡ ಪ್ರತಿ ಸಲವೂ ಮಲ್ಲಿಗೆ ಬರುತ್ತಿತ್ತು, ಎಲ್ಲರಿಗೂ ಹೀಗೇ ಎಂದು ನಂಬಿದೆ. ಅದಕ್ಕಿಂತ ಹೆಚ್ಚಾಗಿ, ನಿನ್ನನ್ನು ಒಲೆಯ ಪಕ್ಕದಲ್ಲಿ ಕೂರಿಸಿಕೊಂಡು ಈ ಎಣ್ಣೆ ಮಾಡಿದೆ. ಆ ಅಡುಗೆಮನೆ, ಆ ಬಿಸಿ, ಮಂಡಿ ಮಡಚಿ ಕೂತ ನೀನು, ಇಷ್ಟನ್ನು ಕಣ್ಣಮುಂದೆ ಇಟ್ಟುಕೊಂಡು ಒಂದೊಂದು ಹನಿ ಸೇರಿಸಿದೆ. ನೀನು ಅಲ್ಲಿ ಇಲ್ಲವೇ ಇಲ್ಲ ಎಂಬುದು ನನಗೇನು ಗೊತ್ತು? ಇಲ್ಲದ ಜಾಗಕ್ಕೆ ಒಂದು ಎಣ್ಣೆ ಮಾಡಿ ಕಳಿಸಿದೆ. ನೀನು ಅದನ್ನು ಹಚ್ಚಿಕೊಂಡು ಹಿಮದ ಪೆಟ್ಟಿಗೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಮಲ್ಲಿಗೆ ಪಾಪ ಏನು ಮಾಡೀತು?

ನನ್ನ ನಿಯಮವನ್ನು ಇದೊಂದು ಸಲ ಮುರಿಯುತ್ತೇನೆ. ರಜೆಯ ದಿನ ಬಿಸಿನೀರಿನಲ್ಲಿ ಸ್ನಾನ ಮಾಡು. ಬಿಸಿಲು ಬೀಳುವ ಜಾಗ ನೋಡಿಕೊಂಡು ಕಂಬಳಿ ಹೊದ್ದು ಕೂತುಕೋ. ಮಣಿಕಟ್ಟಿಗೆ ಬೇಡ, ಕತ್ತಿನ ಹಿಂದೆ, ಜಡೆ ಶುರುವಾಗುವ ಜಾಗಕ್ಕೆ ಎರಡು ಹನಿ ಹಚ್ಚು. ಆಮೇಲೆ ಹುಡುಕಬೇಡ. ಮೂಗನ್ನು ಬಿಟ್ಟುಬಿಡು, ಬೇರೇನಾದರೂ ಯೋಚಿಸು, ನಿದ್ದೆ ಬಂದರೆ ಮಲಗು.

ಮರದ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಅದು ಯಾರೆಂದು ನೀನೇ ಕಂಡುಹಿಡಿ.

ನಿನ್ನಣ್ಣನ ವಿಷಯ. ಎರಡು ವರ್ಷ ಒಂದು ಮಾತಿಲ್ಲ, ಒಂದು ಸಾಲಿಲ್ಲ, ಮರೆತೇಬಿಟ್ಟ ಎಂದುಕೊಂಡಿದ್ದೆ. ಶನಿವಾರ ಶನಿವಾರ ನನ್ನ ಕಾಗದಗಳನ್ನು ಬ್ರೆಡ್ಡಿನಷ್ಟೇ ಜೋಪಾನವಾಗಿ ಸಾಗಿಸುತ್ತಿದ್ದಾನೆ ಎಂದು ಕನಸಲ್ಲೂ ಎಣಿಸಿರಲಿಲ್ಲ. ಅವನಿಗೆ ಇನ್ನು ಆ ತೊಂದರೆ ಬೇಡ, ನೇರವಾಗಿ ನಿನಗೇ ಬರೆಯುತ್ತೇನೆ. ಜ್ವರ ಪೂರ್ತಿ ಬಿಟ್ಟಿತೇ ಎಂದು ಕೇಳು. ನಾನು ಕೇಳಿದೆ ಅನ್ನಬೇಡ.

ಸಹಿಯನ್ನು ನಿನ್ನ ಉತ್ತರ ಬಂದ ಮೇಲೆ ಹಾಕುತ್ತೇನೆ.


ಮಾರ್ಚ್ 17

ಅತ್ತಿಗೆ,

ನೀವು ಹೇಳಿದ ಹಾಗೆಯೇ ಮಾಡಿದೆ. ಒಂದೇ ಒಂದು ತಪ್ಪಿದೆ, ಕಂಬಳಿ ಮನೆ ಯಜಮಾನಿಯದು.

ನಿನ್ನೆ ಭಾನುವಾರ. ನನ್ನ ಕೋಣೆಯ ಬಾಗಿಲ ಮುಂದೆ ಮೆಟ್ಟಿಲಿನ ತಿರುವಿದೆ, ಮಧ್ಯಾಹ್ನ ಸ್ವಲ್ಪ ಹೊತ್ತು ಅಲ್ಲಿ ಬಿಸಿಲು ಬಂದು ಮಲಗುತ್ತದೆ. ಅದರ ಪಕ್ಕದಲ್ಲೇ ನಾನೂ ಮುದುಡಿಕೊಂಡೆ. ಕತ್ತಿನ ಹಿಂದೆ ಎರಡು ಹನಿ. ಮೊದಲು ಮರವೇ ಬಂತು, ನನ್ನ ಹಳೇ ಪರಿಚಯದ ಮರ. ಹುಡುಕಬೇಡ ಅಂದಿದ್ದಿರಲ್ಲ, ಹುಡುಕಲಿಲ್ಲ. ಕೆಳಗೆ ಯಾರೋ ಬಕೆಟ್ಟಿಗೆ ನೀರು ಬಿಟ್ಟಿದ್ದರು. ಬಕೆಟ್ಟು ತುಂಬುವ ಸದ್ದು ಕೇಳುತ್ತಾ ಕೇಳುತ್ತಾ ಕಣ್ಣೆಳೆಯಿತು.

ನಿದ್ದೆಯೋ ಎಚ್ಚರವೋ ಗೊತ್ತಿಲ್ಲ. ನಾನು ಚಿಕ್ಕವಳಾಗಿ ಕೂತಿದ್ದೆ. ಬೆನ್ನ ಹಿಂದೆ ಯಾರೋ ಕೂದಲನ್ನು ಮೂರು ಭಾಗ ಮಾಡುತ್ತಿದ್ದರು. ಬೆರಳುಗಳಿಗೆ ಅವಸರವಿರಲಿಲ್ಲ. “ಅಲ್ಲಾಡಬೇಡ್ವೇ, ಸೊಟ್ಟ ಆಗುತ್ತೆ” ಅಂದಿತು ಧ್ವನಿ. ನಾನು ಅಲ್ಲಾಡಿದೆ. ನಾನು ಕೂತದ್ದೂ ನನ್ನ ಜೊತೆ ಅಲ್ಲಾಡಿತು. ನಾಲ್ಕು ಕಾಲಿನ ಸ್ಟೂಲು, ಒಂದು ಕಾಲು ಗಿಡ್ಡ. ಅದು ಹಾಗೇ ಅಲ್ಲವೇ, ಯಾವ ನೆಲದ ಮೇಲಿಟ್ಟರೂ ಕುಂಟುತ್ತಿತ್ತು. ನೀವು ಬಗ್ಗಿ ನಕ್ಕಾಗ ನಿಮ್ಮ ಕೊರಳಿನಿಂದ ಮಲ್ಲಿಗೆ ಬಂತು.

ಕಣ್ಣು ತೆರೆದೆ. ಬಿಸಿಲು ಮೆಟ್ಟಿಲು ಬಿಟ್ಟು ಗೋಡೆ ಹತ್ತಿತ್ತು. ಮಲ್ಲಿಗೆ ಮಾತ್ರ ಹೋಗಿರಲಿಲ್ಲ. ಕಂಬಳಿಯೊಳಗೆ, ಕತ್ತಿನ ಸುತ್ತ, ಉಸಿರೆಳೆದಲ್ಲೆಲ್ಲ ಮಲ್ಲಿಗೆ. ಇಷ್ಟು ದಿನ ಎಲ್ಲಿದ್ದೆ ಅಂತ ಕೇಳಬೇಕೆನಿಸಿತು. ಅಲ್ಲೇ ಇತ್ತು, ನಾನೇ ಚಳಿಯಲ್ಲಿದ್ದೆ.

ನೀವು ಮನೆ ಬಿಟ್ಟು ಹೊರಟ ದಿನ ಆ ಸ್ಟೂಲೊಂದನ್ನು ಬಿಟ್ಟು ಬೇರೇನೂ ಕೇಳಲಿಲ್ಲ. ದರ್ಜಿಯಮ್ಮ ಈಗಲೂ ಮೂಗು ಮುರಿಯುತ್ತಾಳೆ, “ಬೆಳ್ಳಿ ಲೋಟ ಬಿಟ್ಟು ಮುರುಕು ಸ್ಟೂಲು ತಗೊಂಡು ಹೋದ್ಲು” ಅಂತ. ಅತ್ತಿಗೆ, ನಿಜ ಹೇಳಿ. ನನ್ನ ಸ್ಟೂಲನ್ನು ಎಣ್ಣೆಗೆ ಹಾಕಿದ್ದೀರಾ?

ಇನ್ನೊಂದು. ಎದ್ದು ಒಳಗೆ ಹೋಗುವಷ್ಟರಲ್ಲಿ ಅಣ್ಣ ಬಂದ. ತರಲು ಕಾಗದವಿಲ್ಲ, ಭಾನುವಾರ ವ್ಯಾನೂ ಇಲ್ಲ, ಸುಮ್ಮನೆ ಬಂದಿದ್ದ. ಬಾಗಿಲಲ್ಲೇ ನಿಂತು ಒಮ್ಮೆ ಸುತ್ತ ನೋಡಿದ.

“ಯಾರು ಬಂದಿದ್ರು?”

“ಯಾರೂ ಇಲ್ಲ.”

ಕೂತ. ಚಹಾ ಕೊಟ್ಟೆ, ಲೋಟ ಹಿಡಿದುಕೊಂಡೇ ಇದ್ದ. ಆರಿಹೋಯಿತು. ನೀವು ಕೇಳಿದಿರಿ ಅನ್ನದೆಯೇ ಜ್ವರದ ಬಗ್ಗೆ ಕೇಳಿದೆ, ಬಿಟ್ಟಿದೆಯಂತೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, “ಚೆನ್ನಾಗಿ ಬಂದಿದೆ ಅಂತ ಬರಿ. ನಾನು ಹೇಳ್ದೆ ಅಂತ ಬರೀಬೇಡ” ಅಂದ. ಅದಕ್ಕೇ ಅವನು ಹೇಳಿದನೆಂದು ನಾನು ಬರೆಯುತ್ತಿಲ್ಲ. “ಮನೆಗೊಮ್ಮೆ ಬಾ, ಅವಳು ಕೇಳ್ತಿರ್ತಾಳೆ. ಏನಂತ ಬೇಕಾದ್ರೂ ಕರಿ” ಅಂತಲೂ ಅಂದ. ಹೋಗುತ್ತೇನೆ. ಅವಳನ್ನು ಅಕ್ಕ ಅನ್ನುವಷ್ಟು ನನ್ನ ಬಾಯಿ ಏಳಬಹುದು.

ಹೆಸರು ಮಾತ್ರ ಹೊಳೆಯಲಿಲ್ಲ. ಇಟ್ಟದ್ದೆಲ್ಲ ಅಂಗಡಿಯ ಹೆಸರಿನಂತೆ ಕೇಳುತ್ತದೆ. ಈ ಸಲ ನೀವೇ ಇಡಿ. ನನ್ನದು ಹೂಂ. ಮೊದಲ ಕಾಗದದಲ್ಲಿ ಕೇಳಿದ್ದಕ್ಕೂ ಹೂಂ.

ಸೊಟ್ಟಜಡೆ


ಮಾರ್ಚ್ 24

ಸೊಟ್ಟಜಡೆಗೆ,

ಪೂರ್ತಿ ಸ್ಟೂಲಲ್ಲ, ಒಂದು ಕಾಲು. ಹೋದ ವರ್ಷ ಬಲ್ಬು ಬದಲಾಯಿಸಲು ಹತ್ತಿದೆ, ಅದು ಮುರಿಯಿತು, ನಾನೂ ಬಿದ್ದೆ. ಕಾಲನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತಿದ್ದಾಗ ಮುರಿದ ಜಾಗದಿಂದ ವಾಸನೆ ಬಂತು. ವರ್ಷಗಟ್ಟಲೆ ನಿನ್ನ ತಲೆಗೆ ಹಚ್ಚಿದ ಎಣ್ಣೆ ತೊಟ್ಟಿಕ್ಕಿ ತೊಟ್ಟಿಕ್ಕಿ ಆ ಮರದೊಳಗೆ ಇಳಿದಿತ್ತು. ಎಸೆಯಲು ಮನಸ್ಸು ಬರಲಿಲ್ಲ. ತೆಳ್ಳಗೆ ಹೆರೆದು, ಎಣ್ಣೆಯಲ್ಲಿ ನೆನೆಹಾಕಿ ಕಿಟಕಿಯಲ್ಲಿಟ್ಟೆ. ಆ ಕಾಲು ಮೂವತ್ತು ಸೀಸೆಗಾಯಿತು.

ಕನ್ನಡಕದಮ್ಮನಿಗೆ ಮತ್ತೆ ಹೇಳಿದ್ದಾಯಿತು, ಸೀಸೆಗಳು ಅಂಗಡಿಗೆ ಹೋದವು. ಚೀಟಿಯನ್ನು ಮೂರೂ ಕನ್ನಡಕದಲ್ಲಿ ಓದಿ, “ಸೊಟ್ಟಜಡೆ ಅಂತ ಹೆಸರಿಟ್ಟರೆ ಯಾರು ತಗೋತಾರೆ?” ಅಂದರು. ಯಾರೂ ತೆಗೆದುಕೊಳ್ಳದಿದ್ದರೆ ಎಲ್ಲವೂ ನಮ್ಮಿಬ್ಬರಿಗೇ ಆಯಿತು ಅಂದೆ. ಚೀಟಿಯ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: ಬೆಚ್ಚಗಿರುವಾಗ ಹಚ್ಚಿಕೊಳ್ಳಿ, ಕಾಯಿರಿ.

ಚೆನ್ನಾಗಿ ಬಂದಿದೆ ಎಂದು ಹೇಳದೇ ಇದ್ದವನಿಗೆ, ನಾನು ಕೇಳಿಸಿಕೊಳ್ಳಲಿಲ್ಲ ಎಂದು ಹೇಳು.

ಏಪ್ರಿಲ್‌ನಲ್ಲಿ ಗೋದಾಮು ಖಾಲಿಯಾದಾಗ ರಜೆ ಸಿಗುತ್ತದಂತಲ್ಲ, ಬಂದುಬಿಡು. ಸ್ನಾನಕ್ಕೆ ಬಿಸಿನೀರಿದೆ, ನೆಲ ಬೆಚ್ಚಗಿದೆ, ಒಡೆದ ಕೈಗೆ ಹಚ್ಚಲು ಬೇರೆ ಎಣ್ಣೆಯಿದೆ. ಇಷ್ಟು ದಿನ ಆ ಸ್ಟೂಲು ಮೂರು ಕಾಲಿನ ಮೇಲೆ ಗೋಡೆಗೆ ಒರಗಿತ್ತು. ನಿನ್ನೆ ಬಡಗಿಯನ್ನು ಕರೆಸಿ ಹೊಸ ಕಾಲು ಹಾಕಿಸಿದೆ. ಆಮೇಲೆ ಅದು ಸ್ವಲ್ಪವೂ ಅಲ್ಲಾಡಲಿಲ್ಲ. ನಾನು ಕೂತು ನೋಡಿದೆ, ನನಗೆ ಸರಿಬರಲಿಲ್ಲ. ಬಡಗಿಗೆ ಮತ್ತೆ ಹೇಳಿಕಳಿಸಿ, ಆ ಕಾಲನ್ನು ಒಂದು ಕೂದಲೆಳೆಯಷ್ಟು ಗಿಡ್ಡ ಮಾಡಿಸಿದ್ದೇನೆ.

ನಿನ್ನ,
ಅತ್ತಿಗೆ